ಒಣ ಬಟ್ಟೆಯ ಸಾಕ್ಷಿ

ಹನ್ನೊಂದು ತಿಂಗಳಿಂದ ದೊಡ್ಡತಾಯಮ್ಮ ಸುಳ್ಳುಸುಳ್ಳೇ ಹೊರಗೆ ಕೂರುತ್ತಿದ್ದಳು.

ಮುಟ್ಟಾದ ಮೂರು ದಿನ ಹೊರಗೆ ಕೂರಲು ಆ ಕೇರಿಯ ನಾಲ್ಕು ಮನೆಗಳಿಗೆ ಸೇರಿ ಒಂದೇ ಗುಡಿಸಲು. ಹಿತ್ತಲಿನಾಚೆ ತಿಪ್ಪೆಗೆ ಅಂಟಿಕೊಂಡಿತ್ತು. ಬಗ್ಗದೆ ಒಳಗೆ ನುಗ್ಗುವಂತಿರಲಿಲ್ಲ. ಅದರ ನೆಲ ಸಾರಿಸಿದವರು ಯಾರೂ ಇಲ್ಲ. ಮುಟ್ಟಾದವಳು ಸಗಣಿ ಮುಟ್ಟುವಂತಿಲ್ಲ, ಆಗದವಳು ಅಲ್ಲಿಗೆ ಕಾಲಿಡುವಂತಿಲ್ಲ. ಮಳೆಗಾಲದಲ್ಲಿ ತಿಪ್ಪೆಯ ರಸ ಗೋಡೆಯಡಿಯಿಂದ ಒಸರಿ ಚಾಪೆಯ ಅಂಚಿಗೆ ಬರುತ್ತಿತ್ತು. ಎಷ್ಟು ಹೆಂಗಸರ ಎಷ್ಟು ವರ್ಷಗಳ ನಾತವೋ, ಹುಲ್ಲಿನ ಮಾಡಿನಲ್ಲಿ ಕೂತುಬಿಟ್ಟಿತ್ತು. ಊಟ ತರುವವರು ಮಾರು ದೂರ ನಿಂತು ಮುದ್ದೆಯನ್ನು ತಟ್ಟೆಗೆ ಎತ್ತಿ ಹಾಕುತ್ತಿದ್ದರು. ಸಾರು ಅರ್ಧ ತಟ್ಟೆಗೆ, ಅರ್ಧ ಮೊಣಕಾಲಿಗೆ.

ಅಂಥ ಜಾಗಕ್ಕೆ ಒಬ್ಬಳು ಬೇಕೆಂದೇ ಹೋಗಿ ಕೂರುತ್ತಾಳೆ ಎಂದರೆ ಅವಳ ಮನೆ ಎಂಥದಿರಬೇಕು ಎಂದು ಯಾರಾದರೂ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಅವಳ ಗಂಡ ನಂಜಪ್ಪನಿಗೆ ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದಿತ್ತು. ಎಡಗೈ, ಎಡಗಾಲು ಸತ್ತವು. ಬಾಯಿಯ ಎಡಗಡೆ ಸದಾ ಸೋರುತ್ತಿತ್ತು. ಗಾಡಿಯಲ್ಲಿ ಹೊಳೆನರಸೀಪುರಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಹಾಸನದ ಆಸ್ಪತ್ರೆಗೆ ಒಯ್ದು ವಾಪಸು ತಂದದ್ದೂ ಆಯಿತು. ಅಂದಿನಿಂದ ಅವನ ಹೇಲು, ಉಚ್ಚೆ, ಬೆನ್ನಿನ ಹುಣ್ಣು ಎಲ್ಲವೂ ಅವಳ ಪಾಲು. ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಒಬ್ಬಳು ಚನ್ನರಾಯಪಟ್ಟಣದ ಕಡೆಗೆ, ಒಬ್ಬಳು ಅರಕಲಗೂಡಿನ ಕಡೆಗೆ ಹೋಗಿದ್ದರು. ಅವಳು ಹೊರಗೆ ಕೂತ ಮೂರು ದಿನ ಮಾತ್ರ ಪಕ್ಕದ ಮನೆಯ ವಾರಗಿತ್ತಿ ಲಕ್ಷ್ಮಿದೇವಮ್ಮ ಮೂಗಿಗೆ ಸೆರಗು ಹಿಡಿದುಕೊಂಡು ಬಂದು ಆ ಕೆಲಸ ಮಾಡುತ್ತಿದ್ದಳು. ಗುಡಿಸಲಿನ ನಾತ ತನ್ನ ನಾತ, ಅಲ್ಲಿ ಯಾರೂ ತನ್ನನ್ನು ಮುಟ್ಟುವಂತಿಲ್ಲ, ಕರೆಯುವಂತಿಲ್ಲ. ಅಷ್ಟೇ ಸಾಕಾಗಿತ್ತು ದೊಡ್ಡತಾಯಮ್ಮನಿಗೆ.

ನಲವತ್ತೇಳು ತುಂಬಿದ ವರ್ಷ ಅವಳ ಮುಟ್ಟು ಕಣ್ಣಿ ಹರಿದ ದನದಂತೆ ದಿಕ್ಕುದಿಕ್ಕಿಗೆ ಓಡಾಡಿತು. ಇಪ್ಪತ್ತು ದಿನಕ್ಕೆ ಬಂತು, ಎರಡು ತಿಂಗಳಿಗೆ ಬಂತು, ಬಂದಾಗ ಏರಿ ಒಡೆದ ಹಾಗೆ ಬಂತು. ಆಮೇಲೆ ನಿಂತೇಹೋಯಿತು. ಅದರ ಬದಲಿಗೆ ಮೈಗೆ ಝಳ ಹತ್ತಿಕೊಂಡಿತು. ಒಲೆಯ ಮುಂದೆ ಇಲ್ಲದಿದ್ದರೂ ಮುಖ ಕಾಯುವುದು, ಬೆವರು ಕತ್ತಿನ ಹಿಂದೆ ಇಳಿದು ರವಿಕೆ ಅಂಟಿಕೊಳ್ಳುವುದು. ತನ್ನ ಮೈ ತನಗೇ ಹಳಸಿದ ಅನ್ನದ ಹಾಗೆ ಅನ್ನಿಸುತ್ತಿತ್ತು. ನಿಂತಿದೆ ಎಂದು ಯಾರಿಗಾದರೂ ಹೇಳಿದರೆ ಮುದುಕಿ ಎನ್ನುತ್ತಾರೆ, ಆ ಮೂರು ದಿನವೂ ಹೋಗುತ್ತದೆ. ಅವಳು ಹೇಳಲಿಲ್ಲ. ತಿಂಗಳು ತುಂಬಿದ ಕೂಡಲೇ ಚಾಪೆ ಸುತ್ತಿಕೊಂಡು ಹೋಗಿ ಕೂತಳು.

ಇದು ಗೊತ್ತಿದ್ದದ್ದು ಒಬ್ಬಳಿಗೆ. ನಾಲ್ಕನೆಯ ದಿನ ಬೆಳಿಗ್ಗೆ ಮಡಿವಾಳಗಿತ್ತಿ ಬಂದು, ಹೊರಗೆ ಕೂತವಳ ಬಟ್ಟೆಗಳನ್ನೆಲ್ಲ ಎತ್ತಿಕೊಂಡು, ಒಗೆದ ಸೀರೆ ಕೊಟ್ಟರೇ ಹೆಂಗಸು ಸ್ನಾನ ಮಾಡಿ ಒಳಗೆ ಬರಬೇಕು. ಆ ಊರಿನ ಮಡಿವಾಳಗಿತ್ತಿ ಮಲ್ಲಿಗಮ್ಮ. ಮೂರನೆಯ ತಿಂಗಳು ಅವಳು ಗಂಟು ಕಟ್ಟುತ್ತ ಹೇಳಿದಳು:

“ಅವ್ವಾ, ಈ ಬಟ್ಟೇನ ನೀರ್ಗೆ ಆಕದೇ ದಂಡ. ಅಂಗೇ ಮಡಿಚ್ಕೊಂಡು ತಂದ್ಕೊಡ್ಲಾ?”

“ಬಾಯ್ ಮುಚ್ಕೊಂಡು ಒಗಿ ಮಲ್ಲಿಗಿ.”

“ಒಗೀತೀನಿ ಬುಡಿ. ಒಣ ಬಟ್ಟೆ ಒಗೆಯಕ್ಕೆ ನಂಗೇನು ಕೈ ನೋಯ್ತದಾ?” ಎಂದು ಮಲ್ಲಿಗಮ್ಮ ಹೋದಳು. ಅವಳಿಗೆ ಐವತ್ತೈದು. ಮತ್ತೆ ಆ ಮಾತೆತ್ತಲಿಲ್ಲ.

ಸುಳ್ಳು ಹೀಗೇ ನಡೆಯುತ್ತಿತ್ತೋ ಏನೋ. ಎಲೆ ಹಳದಿಯಾಗದೆ ಇದ್ದಿದ್ದರೆ.

ನಂಜಪ್ಪನಿಗೂ ತಮ್ಮ ಚನ್ನಪ್ಪನಿಗೂ ನಾಲೆಯ ಕೆಳಗೆ ವೀಳ್ಯದೆಲೆಯ ತೋಟವಿತ್ತು. ಒಂದೇ ಬೇಲಿ, ಒಂದೇ ಬಾಗಿಲು, ಒಳಗೆ ಎರಡು ಪಾಲು. ಎಲೆತೋಟಕ್ಕೆ ಹೋಗುವ ಗಂಡಸು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈಮುಗಿದು ಒಳಗೆ ಹೋಗಬೇಕು. ಹೆಂಗಸು ಹೋಗುವಂತೆಯೇ ಇಲ್ಲ. ಮುಟ್ಟಿನ ನೆರಳು ಬಿದ್ದರೆ ಬಳ್ಳಿ ಸುಟ್ಟುಹೋಗುತ್ತದೆ ಎಂಬ ಭಯ. ಯಾವ ದಿನ ಯಾರಿಗೆ ಏನಾಗುತ್ತದೋ ಯಾರಿಗೆ ಗೊತ್ತು ಎಂದು, ಮೈನೆರೆತ ಹೆಣ್ಣಿಗೆ ವರ್ಷವಿಡೀ ಆ ಬಾಗಿಲು ಮುಚ್ಚಿತ್ತು. ಮೈನೆರೆಯದ ಹುಡುಗಿ ಹೋಗಬಹುದು, ಮುಟ್ಟು ನಿಂತ ಮುದುಕಿ ಹೋಗಬಹುದು. ಆದರೆ ಹೋದ ಮುದುಕಿಯರು ಇರಲಿಲ್ಲ. ತೋಟವಿದ್ದ ಮನೆಗಳಲ್ಲಿ ಗಂಡಸರೂ ಇದ್ದರು.

ಮದುವೆಯಾಗಿ ಬಂದ ಮೂವತ್ತೆರಡು ವರ್ಷದಲ್ಲಿ ದೊಡ್ಡತಾಯಮ್ಮ ಕಟ್ಟಿದ ಎಲೆಯ ಕಟ್ಟುಗಳಿಗೆ ಲೆಕ್ಕವಿಲ್ಲ. ಜಗಲಿಯ ಮೇಲೆ ಒದ್ದೆ ಗೋಣಿ ಹಾಸಿ, ಎಲೆಯನ್ನು ವಿಂಗಡಿಸಿ, ತೊಟ್ಟು ಸಮ ಮಾಡಿ, ಬಾಳೆನಾರಿನಿಂದ ಬಿಗಿಯುವುದು ಅವಳ ಕೆಲಸ. ಕಣ್ಣು ಮುಚ್ಚಿ ಮುಟ್ಟಿದರೂ ಎಳೆಯದು ಯಾವುದು, ಬಲಿತದ್ದು ಯಾವುದು, ನೀರು ಕಾಣದ್ದು ಯಾವುದು ಎಂದು ಹೇಳುತ್ತಿದ್ದಳು. ಬಳ್ಳಿ ಹೇಗೆ ನಿಂತಿರುತ್ತದೆ ಎಂದು ಮಾತ್ರ ಹತ್ತಿರದಿಂದ ನೋಡಿರಲಿಲ್ಲ.

ನಂಜಪ್ಪ ಬಿದ್ದ ಮೇಲೆ ಎರಡು ಪಾಲನ್ನೂ ಚನ್ನಪ್ಪನೇ ನೋಡಿಕೊಳ್ಳುತ್ತಿದ್ದ. ವಾರಕ್ಕೊಮ್ಮೆ ಎರಡು ಕುಕ್ಕೆ ತರುತ್ತಿದ್ದ, ತನ್ನದೊಂದು, ಅಣ್ಣನದೊಂದು. ತನ್ನದು ತುಂಬಿ ಚೆಲ್ಲುತ್ತಿತ್ತು. ಅಣ್ಣನದು ಮೊದಲು ಮುಕ್ಕಾಲಾಯಿತು, ಆಮೇಲೆ ಅರ್ಧವಾಯಿತು, ಈಗ ತಳ ಮುಚ್ಚುತ್ತಿತ್ತು ಅಷ್ಟೆ. ಎಲೆ ಹಳದಿ, ಅಂಗೈಯಷ್ಟೂ ಅಗಲವಿಲ್ಲ.

“ರೋಗ ಬಿದ್ದೈತೆ ಕಣತ್ತಿಗೆ” ಎನ್ನುತ್ತಿದ್ದ ಚನ್ನಪ್ಪ. “ಅಣ್ಣನ ಪಾಲ್ನಾಗೇ ಯಾಕ್ ಬಿತ್ತೋ ಕಾಣೆ. ಅವನ ಗಾಚಾರ.”

ಅವಳು ಎಲೆಯನ್ನು ಬೆರಳಿನಲ್ಲಿ ಉಜ್ಜಿ ನೋಡಿದಳು. ರೋಗದ ಎಲೆಗೆ ಚುಕ್ಕೆ ಇರುತ್ತದೆ. ಇದಕ್ಕೆ ಚುಕ್ಕೆ ಇಲ್ಲ. ಇದು ಬಾಯಾರಿದ ಎಲೆ.

ಸಂಕ್ರಾಂತಿ ಕಳೆದ ವಾರ ಚನ್ನಪ್ಪ ಅಣ್ಣನ ಹಾಸಿಗೆಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, “ಪಾಲು ನನ್ ಎಸರ್ಗೆ ಬರ್ಕೊಟ್ಬುಡು ಅಣ್ಣ. ಇಬ್ರಿಗೂ ಸಾಯೋಗಂಟ ಅನ್ನ ಆಕ್ತೀನಿ. ನಿಂಗೂ ನಿಶ್ಚಿಂತೆ” ಎಂದ. ನಂಜಪ್ಪ ಸೋರುವ ಬಾಯಿಂದ ಹೂಂ ಎಂದ. ಕಾಗದ ತಂದರೆ ಹೆಬ್ಬೆಟ್ಟು ಒತ್ತುವುದೊಂದೇ ಬಾಕಿ. ದೊಡ್ಡತಾಯಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅವನ ಅನ್ನ ಎಂದರೆ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮಾರು ದೂರದಿಂದ ಎತ್ತಿ ಹಾಕುವ ಅನ್ನ.

ಮರುದಿನ ಬೇಲಿಯ ಹೊರಗಿನಿಂದ ಇಣುಕಿ ನೋಡಿದಳು. ಚನ್ನಪ್ಪನ ಸಾಲುಗಳಲ್ಲಿ ಬಳ್ಳಿ ಇಳಿಸಿ ಆಗಿತ್ತು. ವರ್ಷಕ್ಕೊಮ್ಮೆ ಮರಕ್ಕೆ ಹಬ್ಬಿದ ಬಳ್ಳಿಯನ್ನು ಬಿಡಿಸಿ, ಬುಡದಲ್ಲಿ ಸುತ್ತಿ ಮಣ್ಣು ಮುಚ್ಚಬೇಕು. ಅಲ್ಲಿಂದ ಹೊಸ ಬೇರು, ಹೊಸ ಕುಡಿ. ಇಳಿಸದಿದ್ದರೆ ಬಳ್ಳಿ ಮುದಿಯಾಗಿ ತುದಿಯಲ್ಲಿ ಒಣಗುತ್ತದೆ. ದೂರದ ತಮ್ಮ ಸಾಲುಗಳಲ್ಲಿ ಬಳ್ಳಿ ಮರದ ನೆತ್ತಿಯಲ್ಲಿ ಒಣಗಿ ಜೋತಾಡುತ್ತಿತ್ತು. ಎರಡು ವರ್ಷದಿಂದ ಇಳಿಸಿರಲಿಲ್ಲ. ಇನ್ನು ಮೂರು ವಾರದಲ್ಲಿ ಬಿಸಿಲು ಬಲಿಯುತ್ತದೆ, ಆಮೇಲೆ ಇಳಿಸಿದರೂ ಬೇರು ಹಿಡಿಯುವುದಿಲ್ಲ. ಊರಿನಲ್ಲಿ ಈ ಕೆಲಸ ಬಲ್ಲ ಆಳುಗಳು ಇಬ್ಬರೇ, ಇಬ್ಬರೂ ಚನ್ನಪ್ಪನ ಜೀತದವರು.

ಅವಳು ನೇರವಾಗಿ ಮೈದುನನ ಮನೆಗೆ ಹೋದಳು.

“ನಮ್ ಪಾಲಿನ ಬಳ್ಳಿ ನಾನೇ ಇಳಿಸ್ಕತೀನಿ ಚನ್ನಪ್ಪ.”

“ಎಂಗೆ? ಬೇಲಿ ಆಚೆ ನಿಂತ್ಕೊಂಡಾ?”

“ಒಳಕ್ಕೋಗಿ. ನಂಗೆ ನಿಂತೈತೆ. ಅನ್ನೊಂದು ತಿಂಗ್ಳಾಯ್ತು.”

ಚನ್ನಪ್ಪ ಊಟಕ್ಕೆ ಕೂತಿದ್ದ. ತುತ್ತನ್ನು ತಟ್ಟೆಗೆ ಇಳಿಸಿದ. ಮುಖ ಹಿಂಡಿಕೊಂಡ.

“ಉಣ್ಣೋ ಒತ್ನಾಗೆ ಅದೇನ್ ಮಾತು ಅತ್ತಿಗೆ. ಓದ್ ವಾರ ತಾನೇ ಚಾಪೆ ತಗಂಡು ಓಗಿದ್ದೆ. ಇವ್ಳು ಮೂರ್ ದಿನ ಅಣ್ಣನ ಹೇಲು ಬಾಚಿಲ್ವಾ?”

ಬಾಗಿಲ ಹಿಂದೆ ನಿಂತಿದ್ದ ಲಕ್ಷ್ಮಿದೇವಮ್ಮ, “ಬಾಚ್ದೆ ಕಣಕ್ಕ” ಎಂದಳು. ಅವಳ ದನಿಯಲ್ಲಿ ಸಿಟ್ಟಿತ್ತು. ನ್ಯಾಯವಾದ ಸಿಟ್ಟು. ದೊಡ್ಡತಾಯಮ್ಮನಿಗೆ ತಲೆಯೆತ್ತಲಾಗಲಿಲ್ಲ. ಹನ್ನೊಂದು ಸಲ ಈ ಹೆಂಗಸಿನ ಕೈಗೆ ತನ್ನ ಗಂಡನ ಹೊಲಸನ್ನು ಸುಳ್ಳು ಹೇಳಿ ದಾಟಿಸಿದ್ದಳು.

“ತಪ್ಪಾಯ್ತು ಲಕ್ಷ್ಮಿದೇವಿ. ಸುಸ್ತಾಗೋಗಿತ್ತು. ಕೂತ್ಕಳಕ್ಕೆ ಬ್ಯಾರೆ ಜಾಗ ಇರ್ಲಿಲ್ಲ.”

ಚನ್ನಪ್ಪ ಕೈ ತೊಳೆದುಕೊಂಡು, “ಅವತ್ತು ಸುಳ್ಳೋ ಇವತ್ತು ಸುಳ್ಳೋ ನಂಗೊತ್ತಿಲ್ಲ. ನೀನು ಒಳಗ್ ಬಂದು ನನ್ ಪಾಲೂ ಸುಟ್ಟೋದ್ರೆ? ಯಜಮಾನ್ರು ಯೋಳ್ಲಿ” ಎಂದು ಎದ್ದ.

ಮಾರನೆಯ ದಿನ ಮಾರಮ್ಮನ ಗುಡಿಯ ಜಗಲಿಯ ಮೇಲೆ ಏಳೆಂಟು ಗಂಡಸರು ಸೇರಿದರು, ಒಬ್ಬ ಹೆಂಗಸಿಗೆ ಮುಟ್ಟು ನಿಂತಿದೆಯೋ ಇಲ್ಲವೋ ಎಂದು ತೀರ್ಮಾನಿಸಲು. ದೇಶಕ್ಕೆ ಸ್ವಾತಂತ್ರ್ಯ ಬಂದು ಹತ್ತು ವರ್ಷ ದಾಟಿತ್ತು. ಊರ ಯಜಮಾನ ಗುಂಡಯ್ಯ ನಡುವೆ ಕೂತಿದ್ದ. ಅವನ ಬಾಯಲ್ಲಿ ಸದಾ ಎಲೆಯಡಿಕೆ. ಮಾತಿಗೆ ಮೊದಲು ಪಕ್ಕಕ್ಕೆ ತಿರುಗಿ ಉಗಿಯುತ್ತಿದ್ದ, ಕೆಂಪು ನೀರು ಜಗಲಿಯ ಕಲ್ಲಿನ ಮೇಲೆ ಹರಿದು ದೊಡ್ಡತಾಯಮ್ಮ ನಿಂತ ಕಡೆಗೆ ಇಳಿಯುತ್ತಿತ್ತು. ಅವಳು ಒಂದು ಹೆಜ್ಜೆ ಸರಿದಳು. ಅದು ಮತ್ತೆ ಹತ್ತಿರ ಬಂತು.

“ಅಂದ್ರೆ ಈಗ,” ಎಂದ ಗುಂಡಯ್ಯ, “ನಿಂಗೆ ಅದು… ಆಗಾಕಿಲ್ಲ?”

“ಇಲ್ಲ.”

“ಪೂರಾ?”

“ಪೂರಾ.”

“ಅಂಗೆ ಇಂಗೆ ಒಂದೀಟು ಕಾಣ್ಸಾದು?” ಎಂದ ಪಕ್ಕದಲ್ಲಿದ್ದ ಕೆಂಚಯ್ಯ. ಅವನೂ ಊರಿನ ಹಿರಿಯನೇ. ಕೇಳುವಾಗ ಅವನ ಕಣ್ಣು ಅವಳ ಸೀರೆಯ ನೆರಿಗೆಯ ಮೇಲಿತ್ತು. ಹಿಂದೆ ಕೂತ ಯಾರೋ ಕಿಸಕ್ಕೆಂದರು.

ದೊಡ್ಡತಾಯಮ್ಮನಿಗೆ ಆ ಝಳ ಹತ್ತಿತು. ಕಿವಿ, ಕೆನ್ನೆ, ಕತ್ತು ಕಾದವು. ಬೆವರು ಹಣೆಯಿಂದ ಹುಬ್ಬಿಗೆ ಇಳಿಯಿತು. ಮೂವತ್ತೈದು ವರ್ಷ ಹೆಸರೆತ್ತಬಾರದು, ನೋಡಬಾರದು, ನೆರಳು ಬೀಳಬಾರದು ಎಂದು ತಿಪ್ಪೆಗೆ ಅಟ್ಟಿದ್ದನ್ನು ಈಗ ಗುಡಿಯ ಜಗಲಿಗೆ ತಂದು ಬಾಯಲ್ಲಿಟ್ಟುಕೊಂಡು ಅಗಿಯುತ್ತಿದ್ದರು. ಹೆಸರೆತ್ತಲು ಮಾತ್ರ ಇನ್ನೂ ನಾಚಿಕೆ.

“ನೋಡ್ರಿ, ಎಂಗ್ ಬೆವರ್ತಾಳೆ” ಎಂದ ಚನ್ನಪ್ಪ. “ಸುಳ್ಳಾಡೋರ ಮೊಕ ಅದು.”

“ಸುಳ್ಳಿನ ಬೆವರಲ್ಲ ಅದು, ವಯಸ್ಸಿನ ಬೆವರು” ಎಂದಳು ಅವಳು. “ನಿಮ್ಮವ್ವಂಗೂ ಬಂದಿತ್ತು. ನೀನ್ ನೋಡಿಲ್ಲ ಅಷ್ಟೆ.”

ಮಲ್ಲಿಗಮ್ಮನನ್ನು ಕರೆಸಿದರು. ಅವಳು ಹೊಳೆಯಿಂದ ನೇರವಾಗಿ ಬಂದಿದ್ದಳು, ಮೊಣಕೈವರೆಗೆ ಬಟ್ಟೆ ಒಗೆಯುವ ಸವುಳು ಮಣ್ಣಿನ ನೊರೆ ಒಣಗಿ ಬೆಳ್ಳಗಾಗಿತ್ತು. ಗುಂಡಯ್ಯ ಉಗಿದು ಕೇಳಿದ.

“ಅನ್ನೊಂದು ತಿಂಗ್ಳಿಂದ ಒಣ ಬಟ್ಟೆ ಬುದ್ಧಿ” ಎಂದಳು ಮಲ್ಲಿಗಮ್ಮ. “ಒಂದು ಚುಕ್ಕೆ ಇಲ್ಲ. ಸುಮ್ಕೆ ನೀರಿಗದ್ದಿ ತಂದಿವ್ನಿ.”

“ಅಂಗಾರೆ ಆವಾಗ್ಲೇ ಯಾಕೆ ಯೋಳಲಿಲ್ಲ?”

“ಕೇಳಿದ್ರಾ?”

ಚನ್ನಪ್ಪ ಎದ್ದು ನಿಂತ. “ಇಬ್ರೂ ಒಂದಾಗವ್ರೆ. ನಮ್ಮತ್ತಿಗೆ ಇವ್ಳಿಗೆ ರಾಗಿ ಅಳೆದವ್ಳೆ. ಅಗಸಗಿತ್ತಿ ಬಾಯ್ಮಾತಿಗೆ ಏನ್ ಬೆಲೆ? ಇವ್ಳ ಮಾತು ಸುಳ್ಳು.”

ಕೆಂಚಯ್ಯ ತಲೆದೂಗಿದ. ಗುಂಡಯ್ಯ ಗಲ್ಲ ಕೆರೆದುಕೊಂಡು, “ಮೂರ್ ತಿಂಗ್ಳು ನೋಡಾಣ. ವಯಸ್ಸಾದ ಇಬ್ರು ಹೆಂಗಸ್ರ ಕೈಲಿ ತಿಂಗ್ಳಿಗೊಂದ್ ಸಲ ನೋಡ್ಸಾಣ. ಆಮ್ಯಾಕೆ ತೀರ್ಮಾನ” ಎಂದ.

ನೋಡಿಸುವುದು ಎಂದರೆ ಏನು ಎಂದು ಅಲ್ಲಿದ್ದ ಹೆಂಗಸರಿಬ್ಬರಿಗೂ ಅರ್ಥವಾಯಿತು. ದೊಡ್ಡತಾಯಮ್ಮ ಸೆರಗನ್ನು ಮೈತುಂಬ ಎಳೆದುಕೊಂಡಳು.

“ಮೂರ್ ತಿಂಗ್ಳಿಗೆ ಬಳ್ಳಿ ಇರ್ತದಾ ಯಜಮಾನ್ರೆ?”

ಚನ್ನಪ್ಪ ಹೆಗಲ ಮೇಲಿನ ಟವೆಲನ್ನು ಸರಿ ಮಾಡಿಕೊಂಡ. ಅವನಿಗೆ ಬೇಕಾಗಿದ್ದದ್ದು ಆ ಮೂರು ತಿಂಗಳೇ.

ಆಗ ಮಲ್ಲಿಗಮ್ಮ, ಹೊರಟವಳು, ನಿಂತಳು.

“ಒಂದ್ ಮಾತು ಕೇಳ್ತೀನಿ ಬುದ್ಧಿ. ನನ್ ಮಾತು ಸುಳ್ಳು ಅಂತ ತೀರ್ಮಾನ ಆಯ್ತಾ?”

“ಅಂಗಲ್ಲ ಕಣಮ್ಮಿ…”

“ಚನ್ನಪ್ಪನೋರು ಅಂಗೇ ಅಂದ್ರು, ನೀವು ಊಂ ಅಂದ್ರಿ. ಸರಿ. ನಿಮ್ಮನೆ ಸೊಸೆ ನಾಳೀಕೆ ನಾಲ್ಕನೇ ದಿನ. ಮಡಿ ಆಯ್ತು ಅಂತ ಯೋಳಿ ಸೀರೆ ಕೊಡೋಳು ಯಾರು? ನಾನು. ನಾನ್ ಯೋಳಿದ್ ಮ್ಯಾಕೆ ತಾನೆ ಅವ್ರು ಒಳಕ್ಕೆ ಬರೋದು, ಒಲೆ ಅಚ್ಚೋದು, ನೀವು ಉಣ್ಣೋದು? ಕೆಂಚಯ್ಯನೋರ ಮನೇಲೂ ಅಂಗೇ. ಚನ್ನಪ್ಪನೋರ ಮನೇಲೂ ಅಂಗೇ. ನನ್ ಮಾತು ಸುಳ್ಳಾದ್ರೆ ಈ ಊರ್ನಾಗೆ ಒಬ್ಳೂ ಮಡಿ ಅಲ್ಲ. ನೀವ್ ಯಾರೂ ಇಲ್ಲೀಗಂಟ ಮಡಿ ಅನ್ನ ಉಂಡಿಲ್ಲ. ಈ ಜಗ್ಲಿ ಮ್ಯಾಲೆ ಕೂತಿದೀರಲ್ಲ, ಅದೂ ಮೈಲ್ಗೆ.”

ಜಗಲಿಯ ಮೇಲೆ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂಲೆಯಲ್ಲಿದ್ದ ಗುಡಿಯ ಪೂಜಾರಿ ಮೆಲ್ಲಗೆ ಕಾಲು ಎಳೆದುಕೊಂಡ. ಗುಂಡಯ್ಯನ ದವಡೆ ಅಗಿಯುವುದನ್ನು ನಿಲ್ಲಿಸಿತು. ಉಗಿಯಲು ತಿರುಗಿದವನು ಉಗಿಯದೆ ನುಂಗಿಕೊಂಡ.

“ಅವ್ಳ ಮಾತು ಸುಳ್ಳು ಅಂತ ನಾವೇನ್ ಅನ್ನಲಿಲ್ಲವಲ್ಲ” ಎಂದ ಕೊನೆಗೆ. “ನೀನ್ ಬಾಯ್ ಮುಚ್ಚು ಚನ್ನಪ್ಪ. ನಾಳೆ ಒತ್ತಾರೆ ತಾಯಮ್ಮ ಕಾಯಿ ಒಡೆದು ಒಳಕ್ಕೋಗ್ಲಿ. ನಾವೂ ಬತ್ತೀವಿ.”

ಚನ್ನಪ್ಪನ ಮುಖ ಬಣ್ಣ ಕಳೆದುಕೊಂಡಿತು. “ಇವತ್ತು ನಾನ್ ಓಗಿ ಒಂದೀಟು ಚೊಕ್ಕ ಮಾಡ್ಬುಡ್ತೀನಿ. ಕಸ ಕಡ್ಡಿ ಬಿದ್ದೈತೆ” ಎಂದ.

“ಬ್ಯಾಡ” ಎಂದಳು ದೊಡ್ಡತಾಯಮ್ಮ. “ಎಂಗೈತೋ ಅಂಗೇ ಇರ್ಲಿ. ನೋಡ್ತೀನಿ.” ಯಾಕೆ ಹಾಗೆಂದಳೋ ಅವಳಿಗೂ ಗೊತ್ತಿರಲಿಲ್ಲ. ಅವನು ಅಷ್ಟು ಅವಸರ ಮಾಡಿದ್ದನ್ನು ಅವಳು ಎಂದೂ ಕಂಡಿರಲಿಲ್ಲ.

ಬೆಳಿಗ್ಗೆ ತೋಟದ ಬಾಗಿಲಲ್ಲಿ ಕಾಯಿ ಒಡೆದಳು. ಕಾಲಿನಲ್ಲಿ ಚಪ್ಪಲಿ ಇರಲಿಲ್ಲ, ಅವಳಿಗೆ ಚಪ್ಪಲಿ ಎಂದೂ ಇರಲಿಲ್ಲ. ಕೈಮುಗಿದು ಒಳಗೆ ಬಲಗಾಲಿಟ್ಟಳು. ಹಿಂದೆ ಮಲ್ಲಿಗಮ್ಮ, ಅವಳ ಹಿಂದೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಗುಂಡಯ್ಯ, ಕೆಂಚಯ್ಯ, ಕೊನೆಗೆ ಚನ್ನಪ್ಪ.

ಮೊದಲ ಸಾಲುಗಳು ಮೈದುನನವು. ಅಗಸೆ ಮರಗಳ ನೆರಳು ಬುಟ್ಟಿ ಬೋರಲು ಹಾಕಿದಂತೆ ಕವಿದಿತ್ತು. ಕಾಲುವೆಯಲ್ಲಿ ನೀರು ಸದ್ದಿಲ್ಲದೆ ಹೋಗುತ್ತಿತ್ತು. ಬಳ್ಳಿ ಹೊಸ ಮಣ್ಣಿನಿಂದ ತಲೆಯೆತ್ತಿ ಮರವನ್ನು ಹಿಡಿದಿತ್ತು. ಅವಳು ಕೈಚಾಚಿ ಒಂದು ಎಲೆಯನ್ನು ಕೀಳದೆ ಮುಟ್ಟಿದಳು. ತಣ್ಣಗಿತ್ತು. ಇಷ್ಟು ಚೆಂದದ ಜಾಗವನ್ನು ಮೂವತ್ತೆರಡು ವರ್ಷ ತನ್ನಿಂದ ಮುಚ್ಚಿಟ್ಟಿದ್ದರಲ್ಲ ಎಂದುಕೊಂಡು ಮುಂದೆ ನಡೆದಳು.

ಎರಡು ಪಾಲಿನ ನಡುವೆ ಕಾಲುವೆಗೆ ಅಡ್ಡ ಮಣ್ಣಿನ ಒಡ್ಡು ಹಾಕಿತ್ತು. ಮೊಣಕಾಲೆತ್ತರದ ಒಡ್ಡು, ಮೇಲೆ ಹುಲ್ಲು ಬೆಳೆದಿತ್ತು. ಎರಡು ವರ್ಷ ಹಳೆಯದು. ಅದರಾಚೆ ಒಂದು ಹನಿ ನೀರು ದಾಟಿರಲಿಲ್ಲ. ರೋಗ ಅಂದರೆ ಇದು.

ಒಡ್ಡು ದಾಟಿ ಕಾಲಿಟ್ಟಳು. ಕಾಲು ಮೆತ್ತಗೆ ಹೂತಿತು. ಬೆರಳ ಸಂದಿಯಲ್ಲಿ ಬೆಚ್ಚಗೆ ಏನೋ ಮೇಲೆದ್ದು ಬಂತು.

ನಾತ ಆಮೇಲೆ ಮೂಗಿಗೆ ಬಂತು. ಮನುಷ್ಯರ ಹೇಲು. ಅವಳು ಕಾಲೆತ್ತದೆ ಸುತ್ತ ನೋಡಿದಳು. ಸಾಲಿನಿಂದ ಸಾಲಿಗೆ, ಮರದ ಬುಡದಿಂದ ಬುಡಕ್ಕೆ, ಹಳೆಯದು, ಹೊಸದು, ಒಣಗಿದ್ದು, ನೊಣ ಮುತ್ತಿದ್ದು. ಬಟ್ಟಿ ಸಾರಾಯಿಯ ಎರಡು ಮಡಕೆ, ಒಡೆದ ಸೀಸೆ, ಬೀಡಿಯ ಮೋಟುಗಳು, ಕೋಳಿಯ ಮೂಳೆ, ಮಣ್ಣಾದ ಇಸ್ಪೀಟು ಎಲೆ. ಮೂಲೆಯಲ್ಲಿ ಕುಂಕುಮ ಹಚ್ಚಿದ ಕಲ್ಲು, ತೋಟ ಕಾಯುವ ಅಮ್ಮ. ಅದರ ಬೆನ್ನಿಗೆ ಉಚ್ಚೆಯ ಹಳದಿ ಗೆರೆ ಬಿದ್ದಿತ್ತು. ಹೆಂಗಸಿನ ಕಣ್ಣು ಬೀಳದ, ಒಡೆಯ ಹಾಸಿಗೆ ಹಿಡಿದ ಜಾಗ ಊರಿನಲ್ಲಿ ಇದೊಂದೇ ಆಗಿತ್ತು. ಗಂಡಸರು ಅದನ್ನು ಬಳಸಿಕೊಂಡಿದ್ದರು.

ಅವಳು ತಿರುಗಿ ನೋಡಿದಳು. ಗುಂಡಯ್ಯ ಒಡ್ಡಿನ ಮೇಲೇ ನಿಂತು ಪಂಚೆಯ ತುದಿಯನ್ನು ಮೂಗಿಗೆ ಒತ್ತಿಕೊಂಡಿದ್ದ. ಅವನ ಅಚ್ಚರಿ ನಿಜವಾದದ್ದು. ಕೆಂಚಯ್ಯ ಮಾತ್ರ ಒಡ್ಡಿಳಿದು ಬಂದಿದ್ದ. ನೆಲ ನೋಡದೆ ಎಡಕ್ಕೊಂದು ಹೆಜ್ಜೆ, ಬಲಕ್ಕೆರಡು ಹೆಜ್ಜೆ ಇಟ್ಟು, ಕಾಲಿಗೆ ಏನೂ ಸೋಕದಂತೆ ಮರದ ಬುಡದ ಚೊಕ್ಕ ಜಾಗಕ್ಕೆ ಬಂದು ನಿಂತಿದ್ದ.

“ಕೆಂಚಯ್ಯನೋರ್ಗೆ ದಾರಿ ಚೆನ್ನಾಗಿ ಗೊತ್ತೈತೆ” ಎಂದಳು ದೊಡ್ಡತಾಯಮ್ಮ.

ಗುಂಡಯ್ಯ ಕೆಂಚಯ್ಯನ ಕಾಲುಗಳನ್ನು ನೋಡಿದ. ಆಮೇಲೆ ಅವಳ ಕಾಲುಗಳನ್ನು ನೋಡಿದ. ಕೆಂಚಯ್ಯ ನಿಂತಲ್ಲೇ ಗಂಟಲು ಸರಿ ಮಾಡಿಕೊಂಡ. ಮಲ್ಲಿಗಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗುವಿಗೋ ವಾಂತಿಗೋ ಹೇಳಲಾಗುತ್ತಿರಲಿಲ್ಲ.

“ಮೂವತ್ತೈದು ವರ್ಸ” ಎಂದಳು ದೊಡ್ಡತಾಯಮ್ಮ, ಯಾರನ್ನೂ ನೋಡದೆ. “ನನ್ ನೆಳ್ಳು ಬಿದ್ರೆ ಮೈಲ್ಗೆ ಅಂದ್ರಿ.”

ಅವಳ ದನಿ ಏರಲಿಲ್ಲ. ಏರಿದ್ದರೆ ಗುಂಡಯ್ಯ ಗದರಬಹುದಿತ್ತು. ಅವನು ತಲೆ ತಗ್ಗಿಸಿ, “ಮಂಚಯ್ಯನ್ನ ಕರೆಸ್ತೀನಿ ಕಣವ್ವ. ಮದ್ಯಾನ್ದ ಒಳಗೆ ಎತ್ತಿ ಚೊಕ್ಕ ಮಾಡ್ತಾನೆ” ಎಂದ. ಮಂಚಯ್ಯ ಹೊಲಗೇರಿಯವನು. ಊರಿನ ಸತ್ತ ದನ, ಕಟ್ಟಿಕೊಂಡ ಚರಂಡಿ, ಎಲ್ಲಕ್ಕೂ ಅವನನ್ನೇ ಕೂಗುತ್ತಿದ್ದರು.

“ಮಂಚಯ್ಯ ಇಲ್ಲಿಗ್ ಬಂದು ಕೂತಿದ್ನಾ?”

“ಅವನ್ಯಾಕೆ ಬತ್ತಾನೆ? ಅವ್ನೂ ಇಲ್ಲಿಗ್ ಬರಂಗಿಲ್ಲ.”

“ಅಂಗಾರೆ ಅವನ್ನ ಯಾಕೆ ಕರೀತೀರಿ? ಯಾರ್ ಆಕಿದ್ರೋ ಅವ್ರೇ ಎತ್ಲಿ. ಒಡ್ಡೂ ಅವ್ರೇ ಒಡೀಲಿ. ನಾನು ಇಲ್ಲೇ ಕೂತಿರ್ತೀನಿ.”

ಕಾಲುವೆಯ ದಂಡೆಗೆ ಬಂದು ಕಾಲನ್ನು ಮಣ್ಣಿನಲ್ಲಿ ಉಜ್ಜಿ ಉಜ್ಜಿ ತೊಳೆದುಕೊಂಡಳು. ಕೂತಳು. ಗುಂಡಯ್ಯ ಒಳ್ಳೆಯವನೇನಲ್ಲ, ಆದರೆ ಕೆಟ್ಟ ನಾತವನ್ನು ಊರ ತುಂಬ ಹರಡದೆ ಇದ್ದಲ್ಲೇ ಮುಚ್ಚುವುದು ಅವನಿಗೆ ತಿಳಿದಿತ್ತು. “ಗುದ್ದಲಿ ತಗಳ್ಳೋ ಚನ್ನಪ್ಪ” ಎಂದ. ಆಮೇಲೆ, “ಕೆಂಚಯ್ಯ, ನೀನೂ” ಎಂದ.

ಮಧ್ಯಾಹ್ನದವರೆಗೆ ಇಬ್ಬರೂ ಬಗ್ಗಿ ಎತ್ತಿದರು. ಚನ್ನಪ್ಪ ಎರಡು ಸಲ ಓಕರಿಸಿದ. ಮಲ್ಲಿಗಮ್ಮ ದಂಡೆಯ ಮೇಲೆ ಕೂತು, “ಅಲ್ಲೊಂದೈತೆ ಬುದ್ಧಿ. ಇಲ್ಲಿ, ಮರದ್ ಇಂದೆ” ಎಂದು ಬೆರಳು ತೋರಿಸುತ್ತಿದ್ದಳು. ಜೀವಮಾನವಿಡೀ ಬೇರೆಯವರ ಕಲೆ ಹುಡುಕಿದ ಕಣ್ಣು, ಒಂದೂ ತಪ್ಪಲಿಲ್ಲ. ಕೊನೆಗೆ ಒಡ್ಡು ಒಡೆದಾಗ ನೀರು ಹಳದಿ ಸಾಲುಗಳ ಕಡೆಗೆ ನುಗ್ಗಿತು.

ಬಳ್ಳಿ ಇಳಿಸಲು ಇನ್ನು ಇಪ್ಪತ್ತು ದಿನ ಇತ್ತು, ಅವಳ ಕಡೆ ಬಲ್ಲವರು ಯಾರೂ ಇರಲಿಲ್ಲ. ಆ ಸಂಜೆ ದೊಡ್ಡತಾಯಮ್ಮ ಒಂದು ಮಾರುದ್ದದ ಒಣ ಬಳ್ಳಿ ತಂದು ಗಂಡನ ಹಾಸಿಗೆಯ ಮೇಲೆ ಹಾಕಿದಳು. ನಡೆದದ್ದನ್ನೆಲ್ಲ ಹೇಳಿದಳು. ನಂಜಪ್ಪ ಸೂರು ನೋಡುತ್ತ ಮಲಗಿದ್ದ. ಬಲಗಣ್ಣಿನಿಂದ ನೀರು ಇಳಿಯಿತು. ಆಮೇಲೆ ಬಲಗೈಯಿಂದ ಬಳ್ಳಿ ಹಿಡಿದು ಎದೆಯ ಮೇಲೆ ಸುರುಳಿ ಮಾಡಿ ತೋರಿಸಿದ.

“ಇಂಗೆ. ಗೆಣ್ಣು… ಕೆಳಕ್ಕಿರ್ಬೇಕು. ಬಿಗೀಬ್ಯಾಡ. ಮುರೀತದೆ.”

“ಎಷ್ಟ್ ಸುತ್ತು?”

“ಎರ್ಡು. ಕೆರೆ ಆಪು ಉಲ್ನಾಗೆ… ಕಟ್ಟು.”

ಎರಡು ವರ್ಷದಲ್ಲಿ ಅವರಿಬ್ಬರ ನಡುವೆ ಆದ ಮೊದಲ ಮಾತುಕತೆ ಅದು. ಉಳಿದದ್ದೆಲ್ಲ ಹೊರಳು, ಎತ್ತು, ಒರೆಸು. ಅವನಿಗೆ ಹೇಳಿಕೊಡಲು ಏನೋ ಉಳಿದಿದೆ ಎಂದು ಅವಳಿಗೂ ಹೊಳೆದಿರಲಿಲ್ಲ, ಅವನಿಗೂ ಹೊಳೆದಿರಲಿಲ್ಲ.

ಕೆಲಸಕ್ಕೆ ಜನ ಬೇಕಿತ್ತು. ಊರಿನಲ್ಲಿ ಯಾರಿಗೆ ನಿಂತಿದೆ, ಯಾರಿಗೆ ಇಲ್ಲ ಎಂಬುದನ್ನು ಮಲ್ಲಿಗಮ್ಮನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವಳು ಒಂದು ಸುತ್ತು ಹೋಗಿ ಬಂದಳು. ಸೊಸೆಯರು ಮೂಲೆಗೆ ಹಾಕಿದವರು, ಮೊಮ್ಮಕ್ಕಳ ಮೂಗು ಒರೆಸಲು ಮಾತ್ರ ಬೇಕಾದವರು, ಮುಗಿಯಿತು ಎಂದು ತಾವೇ ಕೈ ಚೆಲ್ಲಿದವರು, ಐದು ಜನ ಮಾರನೆಯ ದಿನ ಬೇಲಿಯ ಹತ್ತಿರ ಬಂದು ನಿಂತರು. ಎಲ್ಲರಿಗಿಂತ ಹಿರಿಯಳು ಒಳಗೆ ಕಾಲಿಡುವ ಮೊದಲು ಕೇಳಿದಳು:

“ನಿಜ್ವಾಗ್ಲೂ ಏನೂ ಆಗಾಕಿಲ್ವೇನೇ?”

“ಆಗೋದ್ ನಿಂತ್ಮ್ಯಾಕೆ ತಾನೆ ಬಂದಿರೋದು” ಎಂದಳು ಮಲ್ಲಿಗಮ್ಮ. ಮುದುಕಿಯರು ಬೇಲಿ ಹಿಡಿದುಕೊಂಡು ನಕ್ಕರು.

ಇಪ್ಪತ್ತು ದಿನ ಬೆನ್ನು ಮುರಿಯಿತು. ಎಷ್ಟು ನೀರು ಹರಿಸಿದರೂ ಮಣ್ಣು ಕೆದಕಿದಾಗಲೆಲ್ಲ ಆ ನಾತ ಏಳುತ್ತಿತ್ತು. ದೊಡ್ಡತಾಯಮ್ಮ ಸೀಗೇಕಾಯಿ, ಬೂದಿ, ನಿಂಬೆಸಿಪ್ಪೆ ಎಲ್ಲ ಹಾಕಿ ಕಾಲು ಉಜ್ಜಿದಳು. ಊಟಕ್ಕೆ ಕೂತರೆ ಬೆರಳ ಸಂದಿಯ ಆ ಬೆಚ್ಚಗಿನದು ನೆನಪಾಗಿ ತುತ್ತು ಇಳಿಯುತ್ತಿರಲಿಲ್ಲ. ಆದರೆ ಝಳ ಹತ್ತಿದಾಗ ಕಾಲುವೆಯಲ್ಲಿ ಮೊಣಕಾಲುವರೆಗೆ ಇಳಿದು ನಿಲ್ಲಬಹುದಾಗಿತ್ತು. ಯಾರ ಅಪ್ಪಣೆಯೂ ಬೇಕಿರಲಿಲ್ಲ. ತಿಂಗಳ ಯಾವ ದಿನವಾದರೂ ಸರಿ. ಅದು ಸಣ್ಣ ಸಂಗತಿಯಲ್ಲ ಎಂದು ಅವಳಿಗೆ ನಿಧಾನವಾಗಿ ತಿಳಿಯಿತು. ಲಕ್ಷ್ಮಿದೇವಮ್ಮನಿಗೆ ಒಂದು ಮಾತು ಕೊಟ್ಟಿದ್ದಳು: ಇನ್ನು ನೀನು ಹೊರಗೆ ಕೂತಾಗ ಮುದ್ದೆಯನ್ನು ನಾನೇ ತಂದು ಕೈಗೆ ಕೊಡುತ್ತೇನೆ, ಎಸೆಯುವುದಿಲ್ಲ. ಕೊಟ್ಟಳು ಕೂಡ. ಲಕ್ಷ್ಮಿದೇವಮ್ಮ ಮೊದಲ ಸಲ ಹೆದರಿ ಹಿಂದೆ ಸರಿದಳು, ಎರಡನೆಯ ಸಲ ತೆಗೆದುಕೊಂಡಳು.

ಚನ್ನಪ್ಪ ಹೆಬ್ಬೆಟ್ಟಿನ ಕಾಗದದ ಮಾತೆತ್ತಲು ಒಮ್ಮೆ ಬಂದ. ನಂಜಪ್ಪ ಬಲಗೈಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿದ. ಚನ್ನಪ್ಪ ಎದ್ದು ಹೋದ.

ಮುಂಗಾರು ಹಿಡಿದ ಮೇಲೆ ಹೊಸ ಬಳ್ಳಿಯ ಮೊದಲ ಕೊಯ್ಲು ಬಂತು. ಎಲೆ ಅಂಗೈ ಮೀರಿ ಅಗಲ, ಕಪ್ಪು ಹಸಿರು. ದೊಡ್ಡತಾಯಮ್ಮ ಒಂದು ಎಲೆ ಒರೆಸಿ, ಸುಣ್ಣ ಸವರಿ, ಅಡಿಕೆಯ ಚೂರಿಟ್ಟು ಮಡಚಿ ಗಂಡನ ಬಾಯಿಯ ಬಲಗಡೆಗೆ ಇಟ್ಟಳು. ಅವನು ಬಹಳ ಹೊತ್ತು ಅಗಿದ. ಎಡಗಡೆಯಿಂದ ಕೆಂಪು ನೀರು ಗಲ್ಲಕ್ಕೆ ಸೋರಿತು. ಅವಳಿಗೆ ಅಸಹ್ಯವಾಯಿತು, ಎಂದಿನ ಹಾಗೆ. ಎಂದಿನ ಹಾಗೆಯೇ ಸೆರಗಿನ ತುದಿಯಿಂದ ಒರೆಸಿದಳು.

“ಕಾರ ಐತೆ” ಎಂದ ನಂಜಪ್ಪ. ಎಲೆಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಆ ಮನೆಯಲ್ಲಿ ಇರಲಿಲ್ಲ. “ನೀನೂ ಆಕ್ಕೋ.”

“ನಂಗ್ ಬ್ಯಾಡ. ಆ ಜಾಗ ಕಣ್ಮುಂದೆ ಬತ್ತದೆ.”

ನಂಜಪ್ಪನ ಅರ್ಧ ಬಾಯಿ ನಕ್ಕಿತು. ಅವಳು ಉಳಿದ ಎಲೆಗಳನ್ನು ಒದ್ದೆ ಗೋಣಿಯ ಮೇಲೆ ಹರಡಿ ತೊಟ್ಟು ಸಮ ಮಾಡತೊಡಗಿದಳು.

“ಮುಂದಿನ್ ವರ್ಸ ಆಕ್ಕೋತೀನಿ” ಎಂದಳು.